ಕ್ವಿಬೆಕ್‌ನ ಕಹಳೆ ಮೇಳಗಳು

ಕೆನಡಾದ ಫ್ರೆಂಚ್ ಮಾತಿನ ಪ್ರಾಂತ್ಯವಾದ ಕ್ವಿಬೆಕ್‌ನಲ್ಲಿ ಡ್ರಮ್ ಅಂಡ್ ಬ್ಯೂಗಲ್ ಕೋರ್‌ಗೆ ‘ತಾಂಬೂರ್ ಎ ಕ್ಲೆರೋಂ’ ಎನ್ನುತ್ತಾರೆ: ನಗಾರಿ ಮತ್ತು ಕಹಳೆ. ಸೈನ್ಯದ ಸಂಕೇತವಾದ್ಯಗಳಿಂದ ಬೆಳೆದು ಬಂದ ಈ ಕಲೆಯಲ್ಲಿ ಕೊಳಲು, ಕ್ಲಾರಿನೆಟ್‌ಗಳಿಗೆ ಜಾಗವಿಲ್ಲ. ಹಿತ್ತಾಳೆ ವಾದ್ಯ, ತಾಳವಾದ್ಯ, ಬಾವುಟ ಬೀಸುವವರು, ಇವೇ ಮುಖ್ಯ ಬಂಡವಾಳ.

ಹಳೆಯ ಬ್ಯೂಗಲ್‌ಗೆ ಕವಾಟವೇ ಇರಲಿಲ್ಲ. ತುಟಿಯ ಬಿಗಿಯನ್ನಷ್ಟೇ ನಂಬಿ ಬೆರಳೆಣಿಕೆಯ ಸ್ವರಗಳನ್ನು ಹೊರಡಿಸಬೇಕಿತ್ತು. ಮುಂದೆ ಒಂದು ಕವಾಟ ಬಂತು, ಆಮೇಲೆ ಎರಡು. ಅಮೆರಿಕದ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಸಂಸ್ಥೆ ಮೂರು ಕವಾಟಗಳಿಗೆ ಒಪ್ಪಿದ್ದು 1990ರಲ್ಲಿ. ಅಷ್ಟು ಕಡಿಮೆ ಸ್ವರಗಳಲ್ಲೇ ದಶಕಗಳ ಕಾಲ ತುಂಬುನಾದ ಕಟ್ಟಿದ್ದು ನಿಜಕ್ಕೂ ದೊಡ್ಡ ಸಾಧನೆ.

ಆ ಸಂಸ್ಥೆಯ 1981 ಮತ್ತು 1982ರ ಅಂತಿಮ ಸ್ಪರ್ಧೆಗಳು ಕ್ವಿಬೆಕ್‌ನಲ್ಲೇ, ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದವು. ಪ್ರಾಂತ್ಯದ ತಂಡಗಳಲ್ಲಿ ಶೆರ್‌ಬ್ರೂಕ್‌ನ ‘ಲೆ ಸ್ತಾಂತೋರ್’ ಹೆಸರೇ ಚಂದ: ಐವತ್ತು ಮಂದಿಯ ದನಿಯಿದ್ದ ಗ್ರೀಕ್ ಪುರಾಣದ ಸಾರುವವನು ಸ್ಟೆಂಟರ್.

ಮೈದಾನದಲ್ಲಿ ವಾದಕರ ಕಾಲನ್ನೇ ನೋಡಬೇಕು. ಮೊದಲು ಹಿಮ್ಮಡಿ ಊರಿ, ಪಾದವನ್ನು ಮೆಲ್ಲಗೆ ಮುಂಗಾಲಿಗೆ ಉರುಳಿಸುತ್ತಾರೆ. ಹೀಗಾಗಿ ಸೊಂಟದ ಮೇಲಿನ ಭಾಗ ಅಲುಗದೆ, ತುಟಿಗೊತ್ತಿದ ಕಹಳೆಯ ನಾದ ನಡಿಗೆಯ ನಡುವೆಯೂ ನಡುಗುವುದಿಲ್ಲ.