ಅಮಾನೋರವರ ಕುಂಚ, ಶಿಬುಯಾರವರ ಚುಕ್ಕೆ

ಚಿತ್ರಕಲೆಯನ್ನು ಕುರಿತು ಬರೆಯುವವರು ವಿಡಿಯೋ ಆಟಗಳ ಚಿತ್ರಕಾರರನ್ನು ಎಣಿಕೆಗೆ ತೆಗೆದುಕೊಳ್ಳುವ ವಾಡಿಕೆ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಆಟವೆಂದರೆ ಹುಡುಗರ ಕಾಲಹರಣವೆಂದೂ, ಅದರೊಳಗಿನ ಚಿತ್ರವು ಅಂಗಡಿಯ ಹಲಗೆಯ ಬಣ್ಣಕ್ಕಿಂತ ಮೇಲಾದುದಲ್ಲವೆಂದೂ ಭಾವಿಸುವವರೇ ಹೆಚ್ಚು. ಈ ಲೇಖಕನೂ ಬಹುಕಾಲ ಹಾಗೆಯೇ ಭಾವಿಸಿದ್ದನು. ಆ ಭಾವನೆ ಸಡಿಲವಾದುದು ಜಪಾನಿನ ಯೋಶಿತಾಕ ಅಮಾನೋರವರ ಚಿತ್ರಗಳನ್ನು ಕಂಡಮೇಲೆ. ಅದು ಪೂರ್ತಿಯಾಗಿ ಕಳಚಿಬಿದ್ದುದು ಮಾತ್ರ ಅವರಿಂದಲ್ಲ, ಅವರಷ್ಟು ಹೆಸರಾಗದ ಮತ್ತೊಬ್ಬರಿಂದ.

ಅಮಾನೋರವರು 1952ರಲ್ಲಿ ಷಿಜುವೊಕದಲ್ಲಿ ಜನಿಸಿದರು. ಹದಿನೈದನೆಯ ವಯಸ್ಸಿನಲ್ಲಿಯೇ ತತ್ಸುನೊಕೊ ಎಂಬ ಕಾರ್ಟೂನು ಚಿತ್ರಗಳ ಸಂಸ್ಥೆಯನ್ನು ಸೇರಿ, ಅಲ್ಲಿ ಪಾತ್ರಗಳ ರೂಪಗಳನ್ನು ಬರೆಯುತ್ತ ಕೈ ಪಳಗಿಸಿಕೊಂಡು, 1982ರಲ್ಲಿ ಸ್ವತಂತ್ರರಾದರು. ಸ್ಕ್ವೇರ್ ಸಂಸ್ಥೆಯವರ 'ಫೈನಲ್ ಫ್ಯಾಂಟಸಿ' ಎಂಬ ಆಟವು 1987ರ ಡಿಸೆಂಬರಿನಲ್ಲಿ ಹೊರಬಂದಾಗ ಅದರ ವೀರರಿಗೂ ರಾಕ್ಷಸರಿಗೂ ಮೊದಲ ರೂಪವನ್ನು ಕೊಟ್ಟವರು ಇವರು. ಆಟವನ್ನು ಕಟ್ಟುವ ಮೊದಲು ಅದರ ಲೋಕ ಹೇಗಿರಬೇಕೆಂಬುದನ್ನು ಕಾಗದದ ಮೇಲೆ ಕಂಡು ತೋರಿಸುವ ಇಂಥ ಕೆಲಸಕ್ಕೆ ಆ ವೃತ್ತಿಯವರು ಕಾನ್ಸೆಪ್ಟ್ ಆರ್ಟ್ ಎನ್ನುವರು.

ಅಮಾನೋರವರ ರೇಖೆ ಅತಿ ಸಣ್ಣದು, ಎಲ್ಲಿಯೂ ನಿಲ್ಲದ್ದು. ಕೂದಲು ಎಲ್ಲಿ ಮುಗಿದು ಉಡುಗೆ ಎಲ್ಲಿ ಮೊದಲಾಯಿತೆಂದು ಹೇಳಲಾಗದಂತೆ ಅದು ಧೂಪದ ಹೊಗೆಯ ಹಾಗೆ ಸುಳಿದು ಹೋಗುವುದು. ಮುಖ ಬಿಳಿಚಿದುದು, ಕಣ್ಣು ಅರೆಮುಚ್ಚಿದುದು. ಸುತ್ತ ಬಹುಮಟ್ಟಿಗೆ ಬರಿಯ ಕಾಗದ. ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ಸಂಸ್ಕಾರವೂ ವಿಯೆನ್ನಾದ ಕ್ಲಿಮ್ಟನ ಚಿನ್ನದ ಮೋಹವೂ ಅಲ್ಲಿ ಕೂಡಿರುವುದನ್ನು ಎಂಥವರೂ ಕಾಣಬಹುದು. ಆದರೆ ಕ್ಲಿಮ್ಟನಲ್ಲಿ ಚಿನ್ನವು ದೇಹಕ್ಕೆ ಚೌಕಟ್ಟಾಗಿ ಬಿಗಿಯುವುದು. ಇವರಲ್ಲಿ ಅದು ದೇಹವನ್ನೇ ಕರಗಿಸಿಬಿಡುವುದು. 1999ರಲ್ಲಿ ನೀಲ್ ಗೈಮನ್‌ರ 'ದಿ ಡ್ರೀಮ್ ಹಂಟರ್ಸ್' ಎಂಬ ಕಥೆಗೆ ಇವರು ಬರೆದ ಚಿತ್ರಗಳನ್ನು ನೋಡಿದವರಿಗೆ, ಆಟದ ಆಸರೆಯಿಲ್ಲದೆಯೂ ಈ ಕುಂಚ ತನ್ನ ಕಾಲಮೇಲೆ ನಿಲ್ಲಬಲ್ಲದೆಂಬುದು ತಿಳಿಯುವುದು.

ಇಷ್ಟಾದರೂ ಒಂದು ಕೊರತೆಯನ್ನು ಹೇಳದಿದ್ದರೆ ವಿಮರ್ಶೆ ಸ್ತೋತ್ರವಾದೀತು. ಅಮಾನೋರವರ ಲೋಕದಲ್ಲಿ ಅರಸನೂ ಕಳ್ಳನೂ ಜೂಜುಗಾರನೂ ಒಂದೇ ವಿಷಾದದಲ್ಲಿ ಮುಳುಗಿರುವರು. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ಸ್ಥಾಯಿಯುಂಟು, ಸಂಚಾರಿಗಳಿಲ್ಲ. ಆರನೆಯ ಆಟದ ಹುಚ್ಚು ವಿದೂಷಕ ಕೆಫ್ಕನನ್ನೂ ಕೆಲವು ರಾಕ್ಷಸರನ್ನೂ ಬಿಟ್ಟರೆ, ಹೆಸರನ್ನು ಮುಚ್ಚಿ ಮುಖವನ್ನಷ್ಟೇ ತೋರಿಸಿ ಇವರು ಯಾರೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಈ ಕೊರತೆಯನ್ನು ತುಂಬಿದವರು ಕಜುಕೊ ಶಿಬುಯಾ. ಆಗಿನ ಫ್ಯಾಮಿಕಾಂ ಯಂತ್ರದಲ್ಲಿ ಚಲಿಸುವ ಬೊಂಬೆಯ ಒಂದೊಂದು ತುಂಡಿಗೂ ಮೂರೇ ಬಣ್ಣ. ತೆರೆಯೋ ಚಿಕ್ಕ ಚೌಕಗಳ ಜಾಲರಿ. ಹೊಗೆಯಂಥ ಆ ರೇಖೆಯನ್ನು ಈ ಜಾಲರಿಯಲ್ಲಿ ಹಿಡಿಯುವುದೆಂದರೆ ಮಲ್ಲಿಗೆಯ ಕಂಪನ್ನು ಕಲ್ಲಿನಲ್ಲಿ ಕಡೆದಂತೆಯೇ ಸರಿ. ಶಿಬುಯಾರವರು ಹಿಡಿಯಲು ಹೋಗಲೇ ಇಲ್ಲ. ಅಮಾನೋರವರ ಚಿತ್ರದಿಂದ ಒಂದು ನಿಲುವನ್ನೋ ಒಂದು ನಿಲುವಂಗಿಯನ್ನೋ ತೆಗೆದುಕೊಂಡು, ಮಿಕ್ಕುದನ್ನು ಬಿಟ್ಟು, ತಮ್ಮದೇ ಆದ ಕುಳ್ಳುಕುಳ್ಳಾದ, ದೊಡ್ಡ ತಲೆಯ ಬೊಂಬೆಗಳನ್ನು ಚುಕ್ಕೆಯಿಟ್ಟು ಕಟ್ಟಿದರು.

ನನ್ನ ತಂಗಿಯ ಮಗನು ರಜೆಗೆ ಬಂದಿದ್ದಾಗ ಆರನೆಯ ಆಟವನ್ನು ಆಡುತ್ತಿದ್ದನು. 1994ರಲ್ಲಿ ಹೊರಬಂದ ಈ ಆಟದ ನಾಯಿಕೆಯರಲ್ಲಿ ಒಬ್ಬಳು ಟೆರಾ. ಲೋಹದ ಯಂತ್ರದ ಮೇಲೆ ಕುಳಿತು ನಗರವೊಂದನ್ನು ನೋಡುತ್ತಿರುವಂತೆ ಅಮಾನೋರವರು ಬರೆದ ಅವಳ ಚಿತ್ರ ಪ್ರಸಿದ್ಧವಾದುದು. ಅದನ್ನು ಮೆಚ್ಚಿದ ನಾನು ತೆರೆಯ ಬೊಂಬೆಯನ್ನು ಕಂಡು, "ಇದೇನಯ್ಯಾ, ಆ ಚೆಲುವೆಗೆ ಈ ಗತಿಯೇ?" ಎಂದೆನು. ಅವನು ತಲೆಯೆತ್ತದೆ, "ಮಾವ, ಚಿತ್ರದಲ್ಲಿರುವವಳು ಯಾರೋ, ಟೆರಾ ಇವಳೇ" ಎಂದನು. ಹುಡುಗತನದ ಮಾತೆಂದು ನಕ್ಕುಬಿಟ್ಟೆನಾದರೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಮರುದಿನ ನಾನೇ ಹೋಗಿ ಅವನ ಪಕ್ಕದಲ್ಲಿ ಕುಳಿತೆನು.

ಆ ಬೊಂಬೆಯ ಅಗಲ ಹದಿನಾರು ಚುಕ್ಕೆ, ಎತ್ತರ ಇಪ್ಪತ್ತನಾಲ್ಕು. ಒಟ್ಟು 384 ಚೌಕಗಳು. ಇಷ್ಟರೊಳಗೆ ಅವಳು ತಲೆ ತಗ್ಗಿಸುವಳು, ಬೆಚ್ಚುವಳು, ಕೈಯೆತ್ತುವಳು. ತಲೆ ತಗ್ಗಿಸಿದಾಗ ಮುಖ ಹೆಚ್ಚುಕಡಿಮೆ ಮರೆಯಾಗಿ ಕೂದಲಷ್ಟೇ ಉಳಿಯುವುದು. ಮುಖವೇ ಕಾಣದೆ ದುಃಖವು ಕಾಣುವುದು. ಹೇಳದೆ ಉಳಿದುದರಿಂದಲೇ ಹೇಳುವ ಈ ಬಗೆಗೆ ಧ್ವನಿಯೆಂಬ ಹೆಸರನ್ನು ಕೊಡಲು ಆನಂದವರ್ಧನನೂ ಹಿಂಜರಿಯಲಾರನೆಂದು ನನ್ನ ಎಣಿಕೆ. ಸೆಲೆಸ್ ಎಂಬ ಸೇನಾನಿಯು ನಾಟಕಶಾಲೆಯಲ್ಲಿ ಹೂಗೊಂಚಲನ್ನು ಹಿಡಿದು ಹಾಡುವ ಸಂದರ್ಭದಲ್ಲಿ ಈ ಪುಟ್ಟ ಬೊಂಬೆಗಳು ಮಾಡುವ ಅಭಿನಯವನ್ನು, ಅಮಾನೋರವರ ಯಾವ ದೊಡ್ಡ ಪಟದಲ್ಲಿಯೂ ನಾನು ಕಾಣೆನು.

ಇನ್ನೊಂದು ಸಂಗತಿ. ಅಮಾನೋರವರ ಟೆರಾಳ ಕೂದಲು ಹೊಂಬಣ್ಣದ್ದು. ತೆರೆಯ ಟೆರಾಳದು ಹಸಿರು. ಇದನ್ನು ತಪ್ಪೆನ್ನುವವರು ಇರಬಹುದು. ಸೆಲೆಸಳೂ ಹೊಂಗೂದಲಿನವಳು, ಇಬ್ಬರೂ ಹಾಗೆಯೇ ಆಗಿದ್ದರೆ ಬೆರಳುಗುರಿನಷ್ಟು ಗಾತ್ರದಲ್ಲಿ ಯಾರು ಯಾರೆಂಬುದು ತಿಳಿಯುವುದೆಂತು? ಆ ಹಸಿರು ಬಂದುದು ಈ ಕಾರಣದಿಂದಲೋ ಬೇರೆಯದರಿಂದಲೋ, ಕಣ್ಣಿಗೆ ಅದು ಸರಿಯೆಂದೇ ತೋರುವುದು. ಮೂಲವನ್ನು ಪದಪದವಾಗಿ ಅನುಸರಿಸುವ ಅನುವಾದಕನಿಗಿಂತ, ತನ್ನ ಭಾಷೆಯ ಹದವನ್ನು ಅರಿತು ಒಂದೆಡೆ ಧೈರ್ಯವಾಗಿ ಬೇರ್ಪಡುವವನು ಮೂಲಕ್ಕೆ ಹೆಚ್ಚು ಹತ್ತಿರದವನಾಗಿರುವುದುಂಟು.

ಕುಂಚ ಹಿಡಿದವರೇ ಯಂತ್ರದ ಮಿತಿಯನ್ನು ಅರಿತು ಬರೆದ ನಿದರ್ಶನವೂ ಇಲ್ಲದಿಲ್ಲ. 1986ರ 'ಡ್ರ್ಯಾಗನ್ ಕ್ವೆಸ್ಟ್' ಆಟಕ್ಕೆ ಯೂಜಿ ಹೋರಿಯವರು ಲೋಳೆಯ ಗುಪ್ಪೆಯಂಥ ಒಂದು ಜಂತುವನ್ನು ಗೀಚಿ ಕೊಟ್ಟರಂತೆ. 2024ರಲ್ಲಿ ತೀರಿಕೊಂಡ ಅಕಿರಾ ತೋರಿಯಾಮಾ ಅದನ್ನು ನಗುಮೊಗದ ಒಂದು ನೀಲಿ ಹನಿಯನ್ನಾಗಿ ಮಾಡಿಬಿಟ್ಟರು. ತೆರೆಯಲ್ಲಿಯೂ ಕಾಗದದಲ್ಲಿಯೂ ಅದು ಒಂದೇ. ಅಚ್ಚುಕಟ್ಟಿನಲ್ಲಿ ಅದಕ್ಕೆ ಸಮನಾದುದು ಅಪರೂಪ. ಆದರೆ ಮತ್ತೆ ಮತ್ತೆ ನೋಡಬೇಕೆಂಬ ಹಂಬಲವನ್ನು ಅದು ನನ್ನಲ್ಲಿ ಹುಟ್ಟಿಸಲಿಲ್ಲ. ಚಿತ್ರಕ್ಕೂ ಬೊಂಬೆಗೂ ನಡುವೆ ಆಟಗಾರನು ತಾನೇ ತುಂಬಬೇಕಾದ ತೆರಪು ಅಲ್ಲಿಲ್ಲ. ಅಮಾನೋ ಮತ್ತು ಶಿಬುಯಾ ಇವರಿಬ್ಬರ ನಡುವೆ ಆ ತೆರಪು ಬಲು ದೊಡ್ಡದು. ನನ್ನ ಸೋದರಳಿಯನಂಥವರು ವಾಸಮಾಡಿದುದು ಅಲ್ಲಿಯೇ.

1997ರ ಏಳನೆಯ ಆಟದಲ್ಲಿ ಚುಕ್ಕೆಯ ಬೊಂಬೆಗಳು ಹೋಗಿ ಮೂರು ಆಯಾಮದ ಆಕೃತಿಗಳು ಬಂದುವು. ಪಾತ್ರರಚನೆಯು ತೆತ್ಸುಯಾ ನೊಮುರಾರವರ ಪಾಲಾಯಿತು. ಅಮಾನೋರವರು ಶೀರ್ಷಿಕೆಯ ಚಿತ್ರಗಳನ್ನು ಬರೆಯುತ್ತಲೇ ಇದ್ದರು. 2023ರ ಹದಿನಾರನೆಯ ಆಟದಲ್ಲಿಯೂ ಅದು ಅವರದೇ. ಅವರ ಮೂಲಚಿತ್ರಗಳಿಗೆ ಪ್ರದರ್ಶನಗಳಾದುವು, ಪುಸ್ತಕಗಳಾದುವು. ಅದು ಸಲ್ಲತಕ್ಕ ಮರ್ಯಾದೆಯೇ. ಆದರೆ ಕೋಟ್ಯಂತರ ಸಲ ಕಣ್ಣಿಗೆ ಬಿದ್ದ ಆ 384 ಚೌಕಗಳ ಕರ್ತೃವಿನ ಹೆಸರನ್ನು ಕೇಳಿದರೆ, ಆ ಆಟದಲ್ಲಿ ಬೆಳೆದವರಲ್ಲಿಯೂ ಅನೇಕರು ಇಂದಿಗೂ ತಡವರಿಸುವರು.

ಮೊದಲ ಆರು ಆಟಗಳನ್ನು 2021ರಿಂದ ಮರುವರ್ಷದ ಫೆಬ್ರವರಿಯವರೆಗೆ ಹೊಸದಾಗಿ ಸಿದ್ಧಪಡಿಸಿ ಹೊರತಂದಾಗ, ಬೊಂಬೆಗಳನ್ನು ತಿದ್ದುವ ಕೆಲಸದ ಮುಂದಾಳುತನವನ್ನು ಶಿಬುಯಾರವರಿಗೇ ಒಪ್ಪಿಸಿದರು. ಆಕೆ ಹಲವು ಚುಕ್ಕೆಗಳನ್ನು ಬದಲಿಸಿದರು. ಟೆರಾಳ ಕೂದಲು ಮಾತ್ರ ಹಸಿರಾಗಿಯೇ ಉಳಿದಿದೆ.