ಜಿಬಿ ಲೆಕ್ಕದ ಅರ್ಧಸತ್ಯ

ಮುಂಬಯಿಯ ಉಪನಗರಗಳಲ್ಲಿ ಇಂಟರ್ನೆಟ್ ಕೊಡುವವನು ಎಷ್ಟೋ ಕಡೆ ಹಳೆಯ ಕೇಬಲ್‌ವಾಲಾನೇ. ಮಹಡಿಯಿಂದ ಮಹಡಿಗೆ ಟಿವಿ ತಂತಿ ಎಳೆದವನು ಈಗ ಫೈಬರ್ ಎಳೆಯುತ್ತಾನೆ. ದೊಡ್ಡ ಕಂಪನಿಯಿಂದ ಸಗಟಾಗಿ ಬ್ಯಾಂಡ್‌ವಿಡ್ತ್ ಕೊಂಡು ಚಿಲ್ಲರೆಯಾಗಿ ಹಂಚುತ್ತಾನೆ. ಗ್ರಾಹಕರ ಬಳಕೆಯ ಮೇಲೆ ಆತ ಕಣ್ಣಿಡುವುದರಲ್ಲಿ ತಪ್ಪೇನಿಲ್ಲ. ಆದರೆ ಆತ ಅಳೆಯುತ್ತಿರುವುದು ಏನನ್ನು?

ಸಾಮಾನ್ಯವಾಗಿ ಅಳೆಯುವುದು ತಿಂಗಳ ಒಟ್ಟು ಜಿಬಿ. ಗ್ರಾಹಕ ಲಾಗಿನ್ ಆದೊಡನೆ, ಲಾಗಿನ್ ಮತ್ತು ಬಳಕೆಯ ದಾಖಲೆ ಇಡುವ ‘ರೇಡಿಯಸ್’ ಸರ್ವರ್ ಲೆಕ್ಕ ಶುರುಮಾಡುತ್ತದೆ. ಮಿತಿ ದಾಟಿದರೆ ಸ್ಪೀಡ್ ಇಳಿಯುತ್ತದೆ. ‘ಅನ್‌ಲಿಮಿಟೆಡ್’ ಪ್ಲಾನಿನ ಸಣ್ಣಕ್ಷರದಲ್ಲಿ ಅಡಗಿರುವ ಎಫ್‌ಯುಪಿ (ಫೇರ್ ಯೂಸೇಜ್ ಪಾಲಿಸಿ) ಇದೇ. ಈ ಎಣಿಕೆಯೂ ಎಡವುವುದುಂಟು. 32 ಬಿಟ್‌ನ ಕೌಂಟರ್ ಸುಮಾರು 4 ಜಿಬಿಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತದೆ. 100 ಎಂಬಿಪಿಎಸ್‌ನಲ್ಲಿ ಓಡುವ ಸಂಪರ್ಕದಲ್ಲಿ ಇದಕ್ಕೆ ಆರು ನಿಮಿಷವೂ ಬೇಡ. ಎಷ್ಟು ಸುತ್ತು ಆಯಿತೆಂಬುದನ್ನು ಬೇರೆಯಾಗಿ ಲೆಕ್ಕಕ್ಕೆ ತಾರದ ಸಾಫ್ಟ್‌ವೇರಿನ ಅಂಕಿ ನಂಬಲು ಬಾರದು.

ಅಂಕಿ ಸರಿಯಿದ್ದರೂ ಅದು ಅರ್ಧಸತ್ಯ. ಪೂರೈಕೆದಾರ ಮೇಲಿನಿಂದ ಕೊಳ್ಳುವುದು ಜಿಬಿಯನ್ನಲ್ಲ, ಎಂಬಿಪಿಎಸ್ ಸಾಮರ್ಥ್ಯವನ್ನು. ತಿಂಗಳಿಗೆ 500 ಜಿಬಿ ಎಳೆಯುವವನ ಸರಾಸರಿ ಕೇವಲ 1.5 ಎಂಬಿಪಿಎಸ್. ಆತ ನಡುರಾತ್ರಿ ಡೌನ್‌ಲೋಡ್ ಮಾಡಿದರೆ ಯಾರಿಗೂ ತೊಂದರೆಯಿಲ್ಲ. ದಿನವೂ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ 5 ಎಂಬಿಪಿಎಸ್‌ನಲ್ಲಿ ಸಿನಿಮಾ ನೋಡುವವನ ತಿಂಗಳ ಬಳಕೆ ಬರೀ 135 ಜಿಬಿ. ಆದರೆ ಲೈನಿನ ಮೇಲೆ ಹೊರೆ ಬೀಳುವ ಹೊತ್ತು ಅದೇ. ಲೋಕಲ್ ರೈಲಿನ ನೂಕುನುಗ್ಗಲಿಗೆ ಕಾರಣ ಬೆಳಗಿನ ಒಂಬತ್ತರ ಗಾಡಿ ಹಿಡಿಯುವವರೇ ಹೊರತು ಮಧ್ಯಾಹ್ನ ಎರಡರಲ್ಲಿ ವಿರಾರಿಗೆ ಹೋಗುವವನಲ್ಲ. ಎಫ್‌ಯುಪಿ ದಂಡ ವಿಧಿಸುವುದು ಮಾತ್ರ ನಡುರಾತ್ರಿ ಡೌನ್‌ಲೋಡ್ ಮಾಡುವವನಿಗೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2016ರಲ್ಲಿ ಒಳ್ಳೆಯ ನಿರ್ದೇಶನ ಕೊಟ್ಟಿತು: ಬಳಕೆ ಮಿತಿಯ ಶೇಕಡಾ 50, 90, 100 ಮುಟ್ಟಿದಾಗ ಗ್ರಾಹಕನಿಗೆ ತಿಳಿಸಬೇಕು, ಮಿತಿಯ ನಂತರದ ಸ್ಪೀಡ್ ಮೊದಲೇ ಹೇಳಬೇಕು. ಇದು ಗ್ರಾಹಕನನ್ನು ಎಚ್ಚರಿಸುತ್ತದೆ, ನಿಜ. ಆದರೆ ಒಂದೇ ಲೈನನ್ನು ಎಷ್ಟು ಮನೆಗಳಿಗೆ ಹಂಚಲಾಗಿದೆ, ರಾತ್ರಿ ಅದು ಎಷ್ಟು ತುಂಬಿರುತ್ತದೆ ಎಂಬುದು ಎಸ್‌ಎಂಎಸ್‌ನಲ್ಲಿ ಬರುವುದಿಲ್ಲ. ಅಳತೆಗೋಲು ಒಬ್ಬನ ಕೈಯಲ್ಲೇ ಇದ್ದರೆ ‘ನೀವೇ ಜಾಸ್ತಿ ಬಳಸಿದ್ದೀರಿ’ ಎಂಬ ಮಾತಿಗೆ ಎದುರುತ್ತರವಿಲ್ಲ.

ಈ ಅಳತೆಗೆ ಒಂದು ಗಡಿಯೂ ಉಂಟು. ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸ್ ಷರತ್ತು ತಿದ್ದಿ, ಸಂಪರ್ಕದ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕೆಂದಿತು. ಇದು ತನಿಖೆ, ಭದ್ರತೆಗಾಗಿ. ಅದೇ ದಾಖಲೆ ತೆರೆದು ಯಾವ ಮನೆಯವರು ಏನು ನೋಡುತ್ತಾರೆಂದು ಇಣುಕುವ ಅಧಿಕಾರ ಬಿಲ್ಲಿಂಗ್ ಮೇಜಿನವನಿಗಿಲ್ಲ. ಒಂದೇ ಕೋಣೆಯಲ್ಲಿ, ಒಂದೇ ಪಾಸ್‌ವರ್ಡಿನಲ್ಲಿ ನಡೆಯುವ ಕಚೇರಿಯಲ್ಲಿ ಈ ಗಡಿ ಸುಲಭವಾಗಿ ಅಳಿಸಿಹೋಗುತ್ತದೆ.

ಬಳಕೆ ಅಳೆಯಲಿ, ಅಳೆಯದೆ ನ್ಯಾಯವಾಗಿ ಹಂಚಲಾಗದು. ಆದರೆ ವ್ಯಕ್ತಿಗಿಂತ ಮೊದಲು ಲೈನನ್ನು ಅಳೆಯಲಿ. ದಟ್ಟಣೆಯ ಹೊತ್ತಿನಲ್ಲಿ ಮಾತ್ರ ಎಲ್ಲರಿಗೂ ಸಮನಾಗಿ ಕಡಿವಾಣ ಹಾಕಲಿ, ತನ್ನ ಮುಂದಿರುವ ಗ್ರಾಫನ್ನೇ ಗ್ರಾಹಕನಿಗೂ ತೋರಿಸಲಿ. ನೀವೂ ಮುಂದಿನ ಸಲ ಪ್ಲಾನ್ ನವೀಕರಿಸುವಾಗ ‘ಎಷ್ಟು ಜಿಬಿ’ ಎಂದಷ್ಟೇ ಕೇಳಬೇಡಿ. ‘ರಾತ್ರಿ ಹತ್ತಕ್ಕೆ ಎಷ್ಟು ಸ್ಪೀಡ್’ ಎಂದೂ ಕೇಳಿ.