ರಾಮಗಢದಲ್ಲಿ ಸಿಗದ ಜನ ಕಮಂಗಿಪುರದಲ್ಲಿ ಸಿಕ್ಕರು

ರಾಮನಗರದಲ್ಲಿ ಸಿನಿಮಾ ಮಾತು ಎಲ್ಲಿ ಶುರುವಾದರೂ ‘ಶೋಲೆ’ಗೆ ಬಂದು ನಿಲ್ಲುತ್ತದೆ. ರಮೇಶ್ ಸಿಪ್ಪಿ ಅವರ ತಂಡ 1973ರ ಅಕ್ಟೋಬರ್‌ನಲ್ಲಿ ರಾಮದೇವರ ಬೆಟ್ಟದ ಬುಡದಲ್ಲಿ ಚಿತ್ರೀಕರಣ ಆರಂಭಿಸಿತು. ಕಲಾ ನಿರ್ದೇಶಕ ರಾಮ್ ಯೇಡೇಕರ್ ಅಲ್ಲಿ ಇಡೀ ಒಂದು ಹಳ್ಳಿಯನ್ನೇ ಎಬ್ಬಿಸಿ ನಿಲ್ಲಿಸಿದ್ದರು. 1975ರ ಆಗಸ್ಟ್ 15ರಂದು ಚಿತ್ರ ತೆರೆಗೆ ಬಂತು. ಅಂದಿನಿಂದ ಈ ಐವತ್ತು ವರ್ಷವೂ ಹೊರಗಿನವರು ನಮ್ಮ ಬೆಟ್ಟಗಳನ್ನು ಗಬ್ಬರ್ ಸಿಂಗನ ಬೆಟ್ಟಗಳೆಂದೇ ಗುರುತಿಸುತ್ತ ಬಂದಿದ್ದಾರೆ. ಆ ಚಿತ್ರದ ದೊಡ್ಡತನದ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಒಂದು ಮಾತನ್ನು ಹೇಳಲೇಬೇಕು: ‘ಶೋಲೆ’ಯಲ್ಲಿ ನಮ್ಮ ಸೀಮೆಯ ಬಂಡೆಗಳಿವೆ, ನಮ್ಮ ಸೀಮೆಯ ಮನುಷ್ಯರಿಲ್ಲ. ಅವರನ್ನು ಕಾಣಬೇಕಾದರೆ ಈಗ ಹೆಚ್ಚು ಜನ ನೆನೆಯದ ಒಂದು ಕನ್ನಡ ಹಾಸ್ಯಚಿತ್ರಕ್ಕೆ ಹೋಗಬೇಕು. ಅದು 1992ರಲ್ಲಿ ಬಂದ, ನಾಗತಿಹಳ್ಳಿ ಚಂದ್ರಶೇಖರ್ ಅವರ ಮೊದಲ ನಿರ್ದೇಶನದ ‘ಉಂಡೂ ಹೋದ ಕೊಂಡೂ ಹೋದ’.

‘ಶೋಲೆ’ಯ ಹಾಸ್ಯವನ್ನೇ ನೋಡಿ. ಅಸ್ರಾನಿಯವರ ಜೈಲರ್ ಪಾತ್ರದ ಬೇರು ಚಾಪ್ಲಿನ್ನರ ‘ದಿ ಗ್ರೇಟ್ ಡಿಕ್ಟೇಟರ್’ನಲ್ಲಿದೆ. ಜಗದೀಪ್ ಅವರ ಸೂರ್ಮಾ ಭೋಪಾಲಿ ತನ್ನ ಊರನ್ನು ಹೆಸರಿನಲ್ಲೇ ಹೊತ್ತುಕೊಂಡಿದ್ದಾನೆ. ಬಸಂತಿಯ ಬಿಡುವಿಲ್ಲದ ಬಾಯಿಗೆ ನಗುವ ನಮಗೆ ಆ ಮಾತಿನ ವರಸೆ ಉತ್ತರದ್ದೆಂದು ಗೊತ್ತು. ಕಥೆ ನಡೆಯುವ ರಾಮಗಢ ಎಂಬುದೇ ಎಲ್ಲೂ ಇಲ್ಲದ ಹಳ್ಳಿ. ಅಲ್ಲಿ ಸಂಜೆಯಾದರೆ ಠಾಕೂರರ ಮನೆಯ ಸೊಸೆ ಒಂದೊಂದಾಗಿ ದೀಪ ಆರಿಸುತ್ತಾಳೆ, ಊರಿಗೆ ಕರೆಂಟು ಬಂದಿಲ್ಲ. ಆದರೆ ವೀರು ಹತ್ತಿ ಕೂಗಾಡಲು ಎತ್ತರದ ನೀರಿನ ಟ್ಯಾಂಕು ಸಿದ್ಧವಾಗಿ ನಿಂತಿದೆ. ಕಥೆಗೆ ಬೇಕಾದುದನ್ನು ಬೇಕಾದಲ್ಲಿ ಇಟ್ಟು ಕಟ್ಟಿದ ಊರು ಅದು. ಆ ಬಗೆಯ ಚಿತ್ರಕ್ಕೆ ಅದೇ ಸರಿ. ಹಾಗಿದ್ದೂ, ರೇಷ್ಮೆಗೂಡು ಮಾರಿ ಬದುಕುವ, ದನ ಕಟ್ಟಿ ಸಾಕುವ, ಸರ್ಕಾರಿ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ಕಾಯುವ ಈ ಭಾಗದ ಬದುಕಿಗೆ ಅಲ್ಲಿ ಜಾಗ ಸಿಗಲಿಲ್ಲ.

‘ಉಂಡೂ ಹೋದ...’ದ ಕಥೆ ಸರಳ. ಕಮಂಗಿಪುರ ಎಂಬ ಹಳ್ಳಿಗೆ ಸರ್ಕಾರದ ಹೆಸರು ಹೇಳಿಕೊಂಡು ಒಬ್ಬ ಬರುತ್ತಾನೆ. ನಿಮ್ಮೂರಿಗೆ ದನದ ಆಸ್ಪತ್ರೆ ತರುತ್ತೇನೆ ಎನ್ನುತ್ತಾನೆ. ಊರು ನಂಬುತ್ತದೆ, ಉಪಚರಿಸುತ್ತದೆ. ಮುಂದೇನಾಯಿತು ಎಂಬುದನ್ನು ಚಿತ್ರದ ಹೆಸರೇ ಹೇಳುತ್ತದೆ. ತಾವೇ ಬರೆದ ಕಥೆಯನ್ನು ನಾಗತಿಹಳ್ಳಿ ತೆರೆಗೆ ತಂದರು. ಅವರ ಊರು ಇರುವುದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ. ಅಲ್ಲಿನ ಮಾತಿಗೂ ಮಾಗಡಿ, ಚನ್ನಪಟ್ಟಣದ ಮಾತಿಗೂ ಇರುವ ಅಂತರ ತೀರ ಕಡಿಮೆ. ವಂಚಕನಾಗಿ ಅನಂತನಾಗ್, ಜೊತೆಗೆ ತಾರಾ. ರಂಗಭೂಮಿಯಿಂದ ಬಂದ ಕರಿಬಸವಯ್ಯ ತೆರೆಯ ಮೇಲೆ ಮೊದಲು ಕಾಣಿಸಿಕೊಂಡದ್ದು ಈ ಚಿತ್ರದಲ್ಲೇ. ಆ ಕಾಲದ ಬಹುಪಾಲು ಕನ್ನಡ ಹಾಸ್ಯ ಬೆಂಗಳೂರಿನ ವಠಾರ, ಬಾಡಿಗೆ ಮನೆ, ಮದುವೆ ಸಂಬಂಧಗಳ ಸುತ್ತ ತಿರುಗುತ್ತಿತ್ತು. ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990), ‘ಗೌರಿ ಗಣೇಶ’ (1991) ಚಿತ್ರಗಳಲ್ಲಿ ಅನಂತನಾಗ್ ಜನರ ಬಾಯಲ್ಲಿದ್ದರು. ಅಂಥ ನಟನನ್ನು ಹಳ್ಳಿಯ ಜಗಲಿಗೆ ತಂದು ಕೂರಿಸಿದ್ದು ಹೊಸ ನಿರ್ದೇಶಕನ ಧೈರ್ಯ.

ಆ ಆಯ್ಕೆಗೆ ಇನ್ನೊಂದು ಮಗ್ಗುಲಿದೆ. ಯು.ಆರ್. ಅನಂತಮೂರ್ತಿಯವರ ಕಥೆ ಆಧರಿಸಿ ಎಂ.ಎಸ್. ಸತ್ಯು ಎಂಬತ್ತರ ದಶಕದ ಆರಂಭದಲ್ಲಿ ‘ಬರ’ ಮಾಡಿದಾಗ, ಕ್ಷಾಮದ ಜಿಲ್ಲೆಯಲ್ಲಿ ನ್ಯಾಯವಾಗಿ ಕೆಲಸ ಮಾಡಲು ಹೆಣಗುವ ಜಿಲ್ಲಾಧಿಕಾರಿಯ ಪಾತ್ರ ಮಾಡಿದ್ದವರೂ ಅನಂತನಾಗ್. ಒಳ್ಳೆಯ ಅಧಿಕಾರಿಯ ಮುಖ, ನಿಲುವು, ತೂಕದ ಕನ್ನಡ, ಎಲ್ಲವೂ ಅಲ್ಲಿ ಇದ್ದವು. ಹತ್ತು ವರ್ಷದ ಮೇಲೆ ಅದೇ ಮುಖ ಕಮಂಗಿಪುರಕ್ಕೆ ಬಂದರೆ ಜನ ಯಾಕೆ ನಂಬಬಾರದು? ಇಲ್ಲಿ ಅವರ ಅಭಿನಯದ ಬಲವೆಂದರೆ, ಮೋಸಗಾರನನ್ನು ಮೋಸಗಾರನಂತೆ ಆಡದಿರುವುದು. ಪ್ರೇಕ್ಷಕರ ಕಡೆಗೆ ಕಣ್ಣು ಮಿಟುಕಿಸುವ ಗೋಜಿಗೆ ಹೋಗದೆ, ದನಿ ಏರಿಸದೆ, ಸಭ್ಯನಂತೆ ಮಾತಾಡುತ್ತಾರೆ. ನಿಜವಾದ ಅಧಿಕಾರಿಗೂ ಇವನಿಗೂ ಹೊರಗಿನಿಂದ ಏನೂ ವ್ಯತ್ಯಾಸ ಕಾಣದಿರುವುದರಲ್ಲೇ ಚಿತ್ರದ ನಗುವೂ ಇದೆ, ಅದರ ಕಹಿಯೂ ಇದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಊರಿಗೆ ಕಮಂಗಿಪುರವೆಂದು ಹೆಸರಿಟ್ಟು ಹಳ್ಳಿಯವರನ್ನೆಲ್ಲ ಪೆದ್ದರೆಂದು ತೋರಿಸಿ, ಪೇಟೆಯವರನ್ನು ನಗಿಸುವ ಚಿತ್ರವಲ್ಲವೇ ಇದು? ಹೆಸರು ಒರಟು, ಒಪ್ಪುತ್ತೇನೆ. ಕೆಲವು ಕಡೆ ನಗು ಅಗ್ಗವಾಗಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಜನ ಮೋಸಹೋದದ್ದು ಯಾವ ವಿಷಯದಲ್ಲಿ ಎಂದು ಕೇಳಿಕೊಳ್ಳಬೇಕು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಒಂದು ಹಿಡಿ ಗೂಡು ಎತ್ತಿಕೊಂಡು, ಬೆರಳಲ್ಲಿ ಒತ್ತಿ ಗಟ್ಟಿತನ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳಿ ಬೆಲೆ ಕಟ್ಟುತ್ತಾನೆ. ಎದುರಿಗಿರುವ ರೈತನಿಗೂ ತನ್ನ ಗೂಡಿನ ಹದ ಅಷ್ಟೇ ಚೆನ್ನಾಗಿ ಗೊತ್ತು. ದನದ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಜನ ಇವರು. ಕೈಗೆ ಸಿಗುವ ವಸ್ತುವಿನ ವಿಷಯದಲ್ಲಿ ಇವರನ್ನು ಏಮಾರಿಸುವುದು ಸುಲಭದ ಮಾತಲ್ಲ. ವಂಚಕ ತಂದದ್ದು ಕೈಗೆ ಸಿಗುವ ವಸ್ತುವನ್ನಲ್ಲ, ಒಂದು ಭರವಸೆಯನ್ನು. ಒತ್ತಿ ನೋಡಲು, ಅಲ್ಲಾಡಿಸಿ ಕೇಳಲು, ಹಲ್ಲು ಎಣಿಸಲು ಅದರಲ್ಲಿ ಏನೂ ಇಲ್ಲ.

ಅದಕ್ಕೇ ದನದ ಆಸ್ಪತ್ರೆ ಎಂಬ ಆಯ್ಕೆ ನನಗೆ ಚಿತ್ರದ ಅತ್ಯಂತ ಜಾಣ ಅಂಶವಾಗಿ ಕಾಣುತ್ತದೆ. ಗಂಟಲು ಬೇನೆಯೋ ಕಾಲುಬಾಯಿ ಜ್ವರವೋ ಬಂದು ಒಂದು ಜೊತೆ ಎತ್ತು ಹೋದರೆ ಆ ವರ್ಷದ ಉಳುಮೆಯೇ ಹೋದಂತಿದ್ದ ಹಳ್ಳಿಗಳಲ್ಲಿ, ಹಾಲಿನ ದುಡ್ಡಿನಲ್ಲಿ ವಾರ ತಳ್ಳುವ ಮನೆಗಳಲ್ಲಿ, ದನದ ಡಾಕ್ಟರು ಹತ್ತಿರದಲ್ಲಿರಬೇಕೆಂಬ ಆಸೆ ಪೆದ್ದುತನವಾಗಲು ಸಾಧ್ಯವೇ ಇಲ್ಲ. ಅದು ನ್ಯಾಯವಾದ ಬೇಡಿಕೆ. ನ್ಯಾಯವಾದ ಬೇಡಿಕೆ ವರ್ಷಗಟ್ಟಲೆ ಈಡೇರದೆ ಉಳಿದಿದೆ ಎಂದಾದರೆ, ಅದನ್ನು ಈಡೇರಿಸುವೆನೆಂದು ಬಂದವನ ಗುರುತು ಪತ್ರವನ್ನು ಯಾರು ಕೇಳುತ್ತಾರೆ? ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ವಿಧಾನಸೌಧದ ಹಣೆಯ ಮೇಲೆ ಬರೆದಿದೆ. ಆ ಕಟ್ಟಡವನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಈ ಮಣ್ಣಿನವರು. ಆ ಮಾತನ್ನು ಇಲ್ಲಿಯ ಜನ ನಿಜವೆಂದೇ ತೆಗೆದುಕೊಂಡವರು. ಚಿತ್ರದ ಚಾಟಿ ಬೀಸುವುದು ಆ ನಂಬಿಕೆಯ ಮೇಲಲ್ಲ, ಅದನ್ನು ಬಳಸಿಕೊಂಡು ಉಂಡು ಹೋಗುವವರ ಮೇಲೆ ಎಂಬುದು ನನ್ನ ಓದು.

ಸರ್ಕಾರಿ ವೇಷದ ಸುಳ್ಳುಗಾರನ ಕಥೆ ಹೊಸದೇನಲ್ಲ, ರಷ್ಯಾದ ಗೊಗೊಲ್ 1836ರಲ್ಲೇ ‘ಇನ್ಸ್‌ಪೆಕ್ಟರ್ ಜನರಲ್’ ನಾಟಕದಲ್ಲಿ ಬರೆದು ಮುಗಿಸಿದ್ದಾನೆ ಎನ್ನುವವರಿದ್ದಾರೆ. ಹೋಲಿಕೆ ಒಂದಷ್ಟು ದೂರ ಸರಿ. ಆದರೆ ಗೊಗೊಲನ ಊರಿನ ಅಧಿಕಾರಿಗಳು ತಾವು ಮಾಡಿದ ತಪ್ಪು ಬಯಲಾದೀತೆಂಬ ಭಯಕ್ಕೆ ಮೋಸಹೋಗುತ್ತಾರೆ, ಕಮಂಗಿಪುರದ ರೈತರು ಆಸೆಗೆ ಮೋಸಹೋಗುತ್ತಾರೆ. ಭಯಪಟ್ಟ ಭ್ರಷ್ಟನನ್ನು ನೋಡಿ ನಿರಾಳವಾಗಿ ನಗಬಹುದು. ಆಸೆಪಟ್ಟ ಬಡವನನ್ನು ನೋಡಿ ನಗುವಾಗ ಗಂಟಲು ಸ್ವಲ್ಪ ಹಿಡಿಯುತ್ತದೆ. ಇನ್ನು ವೇಷದ ವಿಷಯಕ್ಕೆ ಬಂದರೆ, ಹಗಲುವೇಷದವರನ್ನು ಮನೆ ಬಾಗಿಲಲ್ಲಿ ಕಂಡ ನಾಡು ಇದು; ಲಂಚದ ಕಥೆ ಹೇಳುವ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕಕ್ಕೆ ಟಿಕೆಟ್ ಕೊಂಡು ಮುಗಿಬಿದ್ದ ನಾಡು. ನಾಗತಿಹಳ್ಳಿಯವರ ಕೈಗೆ ಹತ್ತಿರದಲ್ಲೇ ಬೇಕಾದಷ್ಟು ಸಾಮಗ್ರಿ ಇತ್ತು.

ಕಾಲ ಬದಲಾಗಿದೆ, ಈಗ ಹೀಗೆ ಯಾರೂ ಮೋಸಹೋಗುವುದಿಲ್ಲ, ಹಾಗಾಗಿ ಚಿತ್ರ ಹಳತಾಗಿದೆ ಎಂಬ ಮಾತಂತೂ ನಿಲ್ಲುವುದೇ ಇಲ್ಲ. ಪೊಲೀಸ್ ಸಮವಸ್ತ್ರ ಹಾಕಿಕೊಂಡು ವಿಡಿಯೋ ಕಾಲ್ ಮಾಡಿ, ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ದುಡ್ಡು ದೋಚುವವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಕಳೆದುಕೊಂಡವರಲ್ಲಿ ಬೆಂಗಳೂರಿನ ಇಂಜಿನಿಯರುಗಳಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ. ವಂಚಕ ಬಸ್ಸಿಳಿದು ಊರೊಳಗೆ ನಡೆದು ಬರುವುದು ತಪ್ಪಿದೆ. ಅವನು ತೊಡುವ ಸರ್ಕಾರದ ವೇಷ ಹಾಗೇ ಇದೆ. ಹೀಗೆ ದುಡ್ಡು ಕಳೆದುಕೊಂಡವರನ್ನು ಕಮಂಗಿಗಳೆಂದು ಕರೆಯಲು ನಮಗೆ ಮನಸ್ಸು ಬರುವುದಿಲ್ಲ. 1992ರ ಹಳ್ಳಿಗೂ ಅದೇ ಗೌರವ ಸಲ್ಲಬೇಕು.

‘ಶೋಲೆ’ಯನ್ನು ಈಚೆಗೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್ ಸೇರಿ 4ಕೆ ಗುಣಮಟ್ಟಕ್ಕೆ ಪುನರುಜ್ಜೀವಗೊಳಿಸಿ, 2025ರ ಜೂನ್‌ನಲ್ಲಿ ಇಟಲಿಯ ಬೊಲೋನ್ಯಾದಲ್ಲಿ ಪ್ರದರ್ಶಿಸಿದವು. ಸಂತೋಷದ ವಿಷಯ. ಅಂಥ ಆರೈಕೆಯ ಒಂದು ಪಾಲು ತೊಂಬತ್ತರ ದಶಕದ ಕನ್ನಡದ ಸಣ್ಣ ಬಜೆಟ್ಟಿನ ಹಾಸ್ಯಚಿತ್ರಗಳಿಗೂ ಸಿಗಬೇಕು, ಮತ್ತು ಆ ಕೆಲಸ ‘ಉಂಡೂ ಹೋದ...’ದಿಂದ ಶುರುವಾಗಲಿ ಎಂಬುದು ನನ್ನ ಒತ್ತಾಯ. ಜೊತೆಗೆ ಈ ಜಿಲ್ಲೆಯಲ್ಲಿ ಒಂದು ಪ್ರದರ್ಶನ ಆಗಲಿ. ಮೈಸೂರು ರಸ್ತೆಯ ಜಾನಪದ ಲೋಕಕ್ಕಿಂತ ಸರಿಯಾದ ಜಾಗ ಬೇರೆ ಬೇಕಿಲ್ಲ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರೂ ನಾಗಮಂಗಲ ತಾಲ್ಲೂಕಿನವರೇ. ಕನಕಪುರ, ಮಾಗಡಿಯ ಹಾಲಿನ ಡೇರಿಗಳ ಸದಸ್ಯರನ್ನು, ಗೂಡಿನ ಮಾರುಕಟ್ಟೆಯ ರೈತರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಚಿತ್ರ ತೋರಿಸಲಿ. ಅವರು ಎಲ್ಲಿ ನಗುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂಬುದನ್ನು ನೋಡಿದ ಮೇಲೆ, ಈ ಚಿತ್ರ ಹಳ್ಳಿಯನ್ನು ಗೇಲಿ ಮಾಡುತ್ತದೋ ಹಳ್ಳಿಯ ಪರ ನಿಲ್ಲುತ್ತದೋ ಎಂಬ ಚರ್ಚೆಯನ್ನು ಅವರೊಂದಿಗೇ ಮುಂದುವರಿಸಬಹುದು.